ಚರಗದ ಕೂಗು

ಭೂಮಿತಾಯಿಗೆ ಒಬ್ಬರೇ ಉಣಬಡಿಸಬಾರದು ಎಂದು ನಮ್ಮ ಸೀಮೆಯ ಹಿರಿಯರು ಹೇಳುತ್ತಿದ್ದರು. ಎಳ್ಳು ಅಮಾವಾಸ್ಯೆಯ ದಿನ, ಜೋಳ ಎದೆಮಟ್ಟ ಬೆಳೆದು ನಿಂತ ಹೊಲದಲ್ಲಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ ಎಲ್ಲ ಕಲಸಿ ತುಂಬಿದ ಬುಟ್ಟಿ ಹೊತ್ತು ಒಬ್ಬರು ಮುಂದೆ ನಡೆಯಬೇಕು. ಪೈರಿನೊಳಗೆ ತುತ್ತು ತುತ್ತಾಗಿ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ತಂಬಿಗೆ ಹಿಡಿದು ಬರುವವರು ಆ ತುತ್ತಿನ ಮೇಲೆ ನೀರು ಚಿಮುಕಿಸಿ "ಚಲಾಂಬ್ರಿಗೋ" ಎಂದು ಓಗೊಡಬೇಕು. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆ ಮಾತುಗಳ ಅರ್ಥ ಕೇಳಿದರೆ ಊರಿಗೊಂದು ಹೇಳುತ್ತಾರೆ. ಇರಲಿ, ಭೂಮಿತಾಯಿಗೆ ತಿಳಿದರೆ ಸಾಕು. ಆದರೆ ಕೂಗಿದವರೇ ಓಗೊಡುವಂತಿಲ್ಲ. ಓಗೊಡುವವರಿಲ್ಲದ ಕೂಗು ಹೊಲಕ್ಕೆ ಮುಟ್ಟುವುದಿಲ್ಲ, ಬದುವಿನಿಂದಲೇ ಹಿಂದಿರುಗುತ್ತದೆ.

ಸಿಂದಗಿ ತಾಲೂಕು ಮೋರಟಗಿಯ ಮಾಳಿಂಗರಾಯನ ಮನೆತನದಲ್ಲಿ ಬುಟ್ಟಿ ಹಿರಿಯನದು, ತಂಬಿಗೆ ಕಿರಿಯನದು. ಅಣ್ಣ ಮಾಳಿಂಗರಾಯ ಕೂಗಿದರೆ ತಮ್ಮ ಸೋಮನಿಂಗ ಓಗೊಡುವನು. ಕುರಿಗಾರರ ಮನೆತನ, ಈ ಹಳ್ಳದಲ್ಲಿ ಕೂಗಿದರೆ ಆ ಹಳ್ಳದ ಕುರಿ ತಲೆ ಎತ್ತಬೇಕು, ಅಂಥ ದನಿ ಇಬ್ಬರದೂ. ಹಿರಿಯ ತೀರಿಕೊಂಡರೆ, ಆಮೇಲೆ ಬರುವ ಮೊದಲ ಎಳ್ಳು ಅಮಾವಾಸ್ಯೆಗೆ ಯಾರ ಕೂಗಿಗೆ ತಂಬಿಗೆಯವನು ಓಗೊಡುತ್ತಾನೋ ಅವರದು ಬುಟ್ಟಿ, ಅವರು ಇರುವ ತನಕ. ಆ ಮನೆಯಲ್ಲಿ ಹಾಗೆ ನಡೆದುಕೊಂಡು ಬಂದಿತ್ತು.

ಹೋದ ವರ್ಷ ಮಾಳಿಂಗರಾಯನಿಗೆ ಉಬ್ಬಸ. ಅರ್ಧ ಹೊಲ ಸುತ್ತುವಷ್ಟರಲ್ಲಿ ದನಿ ಸೋತಿತು. ಬದುವಿನ ಮೇಲೆ ಕುಳಿತು, ಬುಟ್ಟಿಯನ್ನು ತನ್ನ ಒಬ್ಬಳೇ ಮಗಳು ಪ್ರಿಯದರ್ಶಿನಿಯ ತಲೆಗೆ ಏರಿಸಿ, "ಕೂಗು, ನನ ಮಗಳ" ಎಂದ. ಅವಳು ಕೂಗಿದಳು. ಹಿಂದೆ ತಂಬಿಗೆ ಹಿಡಿದಿದ್ದ ಸೋಮನಿಂಗ ಕಾಕಾ ನೀರು ಚಿಮುಕಿಸಿದ, ತುಟಿ ಬಿಚ್ಚಲಿಲ್ಲ. ಜೋಳದ ಗರಿ ಸರಸರ ಅಂದದ್ದಷ್ಟೇ. ಇನ್ನೊಮ್ಮೆ ಕೂಗಿದಳು. ಮತ್ತೆ ಗರಿಯ ಸದ್ದು. ಕಡೆಗೆ ಬದುವಿನ ಮೇಲಿಂದ ಅಪ್ಪನೇ ಇದ್ದಬಿದ್ದ ಉಸಿರು ಕೂಡಿಸಿ "ಚಲಾಂಬ್ರಿಗೋ" ಎಂದ. ಬಹಳ ಹೊತ್ತು ಕೆಮ್ಮಿದ. ಮುಂಗಾರು ಬರುವ ಮುಂಚೆ ತೀರಿಕೊಂಡ.

ಈ ವರ್ಷ ವಿಜಯಪುರದ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ಪ್ರಿಯದರ್ಶಿನಿಗೆ ಜೋರ್ಡಾನ್ ದೇಶಕ್ಕೆ ಹೋಗುವ ವಿದ್ಯಾರ್ಥಿ ತಂಡದಲ್ಲಿ ಹೆಸರು ಬಂತು. ಮರಳುಗಾಡಿನ ನಡುವೆ ಕಲ್ಲು ಕೊರೆದು ಕಟ್ಟಿದ, ಎರಡು ಸಾವಿರ ವರ್ಷದ ಪೆಟ್ರಾ ಪಟ್ಟಣದ ಅವಶೇಷಗಳನ್ನು ನೋಡಿ ಬರುವ ಪ್ರವಾಸ. ಹೋಗಿ ಬರುವ ದಿನಗಳನ್ನು ನೋಡಿದರೆ ಎಳ್ಳು ಅಮಾವಾಸ್ಯೆ ಅವುಗಳ ನಡುವೆಯೇ ಬಿದ್ದಿತ್ತು.

"ನಾ ಒಲ್ಲೆ ಬೇ" ಎಂದಳು ಅವ್ವನಿಗೆ.

"ಯಾಕ ಒಲ್ಲಿ? ನಿಮ್ಮಪ್ಪ ಕುರಿ ಬೆನ್ನ ಹತ್ತಿ ಕಂಡವರ ಸೀಮಿ ಎಲ್ಲಾ ತಿರಗ್ಯಾನ. ನೀ ಒಂದು ದೇಶ ನೋಡಿ ಬಾ" ಎಂದಳು ಸಾತವ್ವ. ಎಂದವಳೇ ಮೈದುನನ ಕಡೆ ತಿರುಗಿದಳು. "ಚರಗದ್ದೇನ್ ಮಾಡೂಣು?"

ಸೋಮನಿಂಗ ಕಂಬಳಿ ಝಾಡಿಸುತ್ತ, "ಅಮಸಿದ್ದ ಅದಾನಲ್ಲ" ಎಂದ. ಅಮಸಿದ್ದ ಅವನ ಮಗ, ಪ್ರಿಯದರ್ಶಿನಿಗಿಂತ ತುಸು ಚಿಕ್ಕವನು.

"ಆಕಿ ಅಪ್ಪ ಬುಟ್ಟಿ ಆಕಿ ತಲಿ ಮ್ಯಾಲ ಇಟ್ಟು ಹೋಗ್ಯಾನ."

"ಹೆಣ್ಣ ಹುಡುಗಿ ತಲಿ ಮ್ಯಾಲಿನ ಬುಟ್ಟಿ, ಆಕಿ ಸಂಗಾಟ ಗಂಡನ ಮನಿಗೆ ಹೋಗತೈತಿ ವೈನಿ."

"ಹೋಗೂ ತನಕಾರ ಇರಲಿ."

ಸೋಮನಿಂಗನಿಗೆ ಅತ್ತಿಗೆಯ ಎದುರು ಹೆಚ್ಚು ಮಾತು ಬಾರದು. ಕಂಬಳಿ ಹೆಗಲಿಗೆ ಹಾಕಿಕೊಂಡು ಹೇಳಿದ: "ಆತು. ಫೋನಿನ್ಯಾಗ ಕೂಗಲಿ. ಕೂಗು ಹೊಲಕ್ಕ ಬಂದರ ಓಗೊಡತೇನಿ. ಬರಲಿಲ್ಲಂದರ ಅಮಸಿದ್ದಗೂ ಬಾಯಿ ಐತಿ."

"ಯಾವಾಗ ಕೂಗಲಿ ಕಾಕಾ?"

"ಇದೇನ್ ಕೇಳತಿ? ಹೊತ್ತು ನೆತ್ತಿಗೆ ಬಂದಾಗ."

ಅಷ್ಟೇ ಒಪ್ಪಂದ. ಸಾತವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿಕೊಟ್ಟು, "ಹಬ್ಬದ ದಿನಾ ಬಿಚ್ಚು" ಎಂದಳು.

ದೂರದೇಶದ ಮೊದಲ ದಿನಗಳಲ್ಲಿ ತಂಡದವರೆಲ್ಲರ ಬುತ್ತಿಯೂ ಖಾಲಿಯಾಯಿತು, ಪ್ರಿಯದರ್ಶಿನಿಯ ಗಂಟೊಂದನ್ನು ಬಿಟ್ಟು.

"ಲೇ ದರ್ಶಿ, ಆ ಗಂಟಿನ್ಯಾಗ ಬಂಗಾರ ಇಟ್ಟೀಯೇನ?" ಎಂದಳು ಒಂದೇ ಕೋಣೆಯಲ್ಲಿದ್ದ ಜಾಸ್ಮಿನ. ಅವಳು ಇಂಡಿ ತಾಲೂಕಿನವಳು, ನಿಂಬೆಯ ತೋಟದ ಮನೆಯ ಹುಡುಗಿ; ಉಪ್ಪಿನಕಾಯಿಯ ಡಬ್ಬಿ ಬಿಟ್ಟು ಊಟಕ್ಕೆ ಕೂರುತ್ತಿರಲಿಲ್ಲ. "ನಮ್ಮ ಉಪ್ಪಿನಕಾಯಿ ಎಲ್ಲಾರೂ ನೆಕ್ಕಿದ್ರಿ. ನೀ ಒಂದು ಹೋಳಿಗಿ ಹೊರಗ ತಗೀವಲ್ಲಿ."

"ಅಮಾಸಿ ಆಗಲಿ, ಕೊಡತೇನಿ."

"ಅಮಾಸಿಗೆ ಹೋಳಿಗಿ, ಹುಣ್ಣಿವಿಗೆ ಏನು, ಉಪವಾಸ?" ಎಂದ ಸಿದ್ದಾರೂಢ, ಬಸವನ ಬಾಗೇವಾಡಿ ಕಡೆಯ ಇಂಗಳೇಶ್ವರದವನು, ತಂಡದ ಬಾಯಾಳಿ. ಎಲ್ಲರೂ ನಕ್ಕರು. ಪ್ರಿಯದರ್ಶಿನಿಯೂ ನಕ್ಕಳು. ಆದರೆ ನಗು ಮುಗಿದ ಮೇಲೆ ಉಳಿದವರು ಒಂದು ಕಡೆ, ತಾನು ಒಂದು ಕಡೆ ಇದ್ದಂತೆ ಅವಳಿಗೆ ಅನ್ನಿಸಿತು. ಅಪ್ಪ ಹೋದಾಗಿನಿಂದ ಹೀಗೇ. ಮಂದಿಯ ನಡುವೆ ಕುಳಿತಾಗಲೇ ಒಂಟಿತನ ಹೆಚ್ಚು. ಹಿಂಡಿನಲ್ಲಿದ್ದೂ ಕುರಿ ಒಮ್ಮೊಮ್ಮೆ ತಲೆ ಎತ್ತಿ ಯಾರನ್ನೋ ಹುಡುಕುತ್ತದಲ್ಲ, ಹಾಗೆ.

ಅಮಾವಾಸ್ಯೆಯ ಬೆಳಗ್ಗೆ ಅವರನ್ನು ಹೊತ್ತ ಬಸ್ಸು ಪೆಟ್ರಾ ಮುಟ್ಟಿತು. ಡಿಸೆಂಬರಿನ ಕೊರೆಯುವ ಚಳಿ. ಪಟ್ಟಣದೊಳಗೆ ಹೋಗಬೇಕೆಂದರೆ ಬೆಟ್ಟ ಸೀಳಿದಂತಿದ್ದ ಉದ್ದನೆಯ ಇಕ್ಕಟ್ಟಾದ ಕಣಿವೆಯಲ್ಲಿ ನಡೆಯಬೇಕು. ಎರಡೂ ಬದಿ ಕೆಂಪು ಕಲ್ಲಿನ ಗೋಡೆ, ಮೇಲೆ ದಾರದಂಥ ಆಕಾಶ. ಪ್ರಿಯದರ್ಶಿನಿ ಫೋನು ನೋಡಿದಳು. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಆಚೆ ಬಯಲಿಗೆ ಹೋದರೆ ಸಿಕ್ಕೀತು, ಹೊತ್ತು ಇನ್ನೂ ಬಹಳ ಇದೆ ಎಂದುಕೊಂಡಳು.

ದಾರಿ ತೋರಿಸುವ ಆ ದೇಶದ ಮುದುಕ ಕಲ್ಲಿನ ಗೋಡೆಗುಂಟ ಕೊರೆದ ಕಾಲುವೆಯನ್ನು ಕೈಯಿಂದ ಸವರುತ್ತ ಏನೋ ಹೇಳಿದ. ತಂಡವನ್ನು ಕರೆತಂದಿದ್ದ ಮುದ್ದೇಬಿಹಾಳದ ವಿದ್ಯಾವತಿ ಮೇಡಂ ಅದನ್ನು ಕನ್ನಡಕ್ಕಿಳಿಸಿದರು: "ಇಲ್ಲಿ ಮಳಿ ಅನ್ನೂದು ಅಪರೂಪರೆಪಾ. ಬಿದ್ದ ಹನಿ ಹನಿ ನೀರನ್ನ ಈ ಕಾಲಿವಿಗುಂಟ ಹಿಡಕೊಂಡು ಹೋಗಿ ತುಂಬಿಡತಿದ್ರಂತ. ಅದರ ಮ್ಯಾಲ ಇಡೀ ಊರು ಬದುಕಿತ್ತು."

"ನಮ್ಮೂರ ಪಂಚಾಯತಿಯವರನ್ನ ಇಲ್ಲಿಗೆ ಟ್ರೇನಿಂಗಿಗೆ ಕಳಸಬೇಕ್ರಿ ಮೇಡಂ" ಎಂದ ಸಿದ್ದಾರೂಢ.

ಮುಂದೆ ಗೋಡೆಯಲ್ಲಿ ಒಂದು ಗೂಡು. ಗೂಡಿನೊಳಗೆ ಒಂದು ಚೌಕನೆಯ ಕಲ್ಲು. ಕಣ್ಣಿಲ್ಲ, ಮೂಗಿಲ್ಲ, ಕೈಕಾಲಿಲ್ಲ. ಅದು ಅವರ ದೇವರಂತೆ. ಹಲವು ಕಡೆ ಆ ಜನ ದೇವರಿಗೆ ಮುಖ ಕೆತ್ತುತ್ತಿರಲಿಲ್ಲವಂತೆ. ಹುಡುಗರು ಫೋಟೋ ಹೊಡೆದುಕೊಂಡು ಮುಂದೆ ಹೋದರು. ಪ್ರಿಯದರ್ಶಿನಿ ನಿಂತಳು. ಈ ಹೊತ್ತಿಗೆ ಮೋರಟಗಿಯ ಹೊಲದಲ್ಲಿ ಬನ್ನಿಯ ಗಿಡದ ಬುಡಕ್ಕೆ ಅವ್ವ ಐದು ಕಲ್ಲು ಹುಡುಕಿ ತಂದು, ಸುಣ್ಣ ಬಳಿದು, ಕುಂಕುಮ ಇಟ್ಟು ಕೂರಿಸುತ್ತಿರಬೇಕು. ಅವಕ್ಕೂ ಮುಖವಿಲ್ಲ. ಹೊಲದಲ್ಲಿ ನಿನ್ನೆಯವರೆಗೆ ಎಡವುತ್ತಿದ್ದ ಕಲ್ಲು, ಇಂದು ದೇವರು. ಮುಖವಿಲ್ಲದ್ದರಿಂದಲೇ ಏನೋ, ಯಾರ ಮುಖ ಬೇಕಾದರೂ ಅಲ್ಲಿ ಕಾಣುತ್ತದೆ. ಅವಳಿಗೆ ಅಪ್ಪನದು ಕಂಡಿತು. ಕೈ ಮುಗಿದಳು.

ಇಡೀ ಬೆಟ್ಟವನ್ನೇ ಕೆತ್ತಿದ ದೊಡ್ಡ ಮುಖಮಂಟಪ, ಗೋರಿಗಳು, ನಾಟಕಶಾಲೆ, ಕಂಬಗಳ ಬೀದಿ ಎಲ್ಲ ನೋಡುತ್ತ ನಡೆದರು. ಮೂಲೆಮೂಲೆಗೂ ಬಾಗಿಲುಗಳು; ಒಳಗೆ ಯಾರೂ ಇಲ್ಲ. ಒಂದು ಊರು ಇಷ್ಟು ಬಾಗಿಲು ತೆರೆದುಕೊಂಡು ಯಾರಿಗಾಗಿ ಕಾಯುತ್ತಿದೆ ಎಂದು ಅವಳಿಗೆ ಸಂಕಟವಾಯಿತು. ಕಂಬಗಳ ಬೀದಿಯ ತುದಿಗೆ ಬಂದಾಗ ಅವಳ ನೆರಳು ಕಾಲಿನ ಹತ್ತಿರಕ್ಕೆ ಸರಿಯುತ್ತಿತ್ತು. ಹೊತ್ತು ಏರುತ್ತಿದೆ. ಫೋನಿಗೆ ಇಲ್ಲಿಯೂ ಸಿಗ್ನಲ್ಲಿಲ್ಲ.

"ಜಾಸ್ಮಿನ, ಆ ದಿಬ್ಬದ ಮ್ಯಾಲ ಹೋಗಿ ಒಂದು ಫೋನ್ ಹಚ್ಚಿ ಬರತೇನಿ. ಮೇಡಂಗ ಹೇಳು."

"ಯಾಂವ ಅದಾನಲೇ ಅವ, ಕಲ್ಲಾಗ ಕುಂತರೂ ಫೋನ್ ಬೇಕು?"

"ನಮ್ಮ ಕಾಕಾ."

"ಥೂ, ನಿನ್ನ! ಲಗೂನ ಬಾ. ತಡಾ ಆದರ ನನಗಽ ಬೈತಾರ."

ಬೀದಿ ಬಿಟ್ಟು, ಆಡುಗಳು ತುಳಿದು ಮಾಡಿದ ಕಾಲುದಾರಿ ಹಿಡಿದು ಅವಳು ಹತ್ತಿದಳು. ಅವಶೇಷಗಳೆಲ್ಲ ಕೆಳಗುಳಿದವು. ಮೇಲೆ ಒಂದು ಪುಟ್ಟ ಬಯಲು. ಎಂದೋ ಯಾರೋ ಒಟ್ಟಿದ ಕಲ್ಲಿನ ಒಡ್ಡು, ಒಡ್ಡಿನ ಹಿಂದೆ ಮರಳಿನಂಥ ಮಣ್ಣು, ಅಲ್ಲೊಂದು ಇಲ್ಲೊಂದು ಒಣಗಿದ ಕಂಟಿ. ಕುರಿಗಾರನ ಮಗಳಿಗೆ ನೋಡಿದ ಕೂಡಲೇ ತಿಳಿಯಿತು: ಇದು ಹೊಲವಾಗಿತ್ತು. ಒಡ್ಡು ಹಾಕಿ ನೀರು ನಿಲ್ಲಿಸಿ ಇಲ್ಲಿ ಯಾರೋ ಬೆಳೆ ತೆಗೆದಿದ್ದರು.

ಫೋನನ್ನು ಎತ್ತಿ ಹಿಡಿದಳು. ಒಡ್ಡಿನ ಮೇಲೆ ಹತ್ತಿ ಹಿಡಿದಳು. ನಾಲ್ಕೂ ದಿಕ್ಕಿಗೆ ತಿರುಗಿದಳು. ಗೆರೆ ಮೂಡಲಿಲ್ಲ. ನೆರಳು ಇನ್ನು ಚಿಕ್ಕದಾಗಲಾರದು ಅನ್ನುವಷ್ಟಕ್ಕೆ ಬಂದು ನಿಂತಿತ್ತು. ಅವ್ವನ ನಂಬರು ಒತ್ತಿದಳು, ಹೋಗಲಿಲ್ಲ. ಅಮಸಿದ್ದನದು ಒತ್ತಿದಳು, ಹೋಗಲಿಲ್ಲ. ಅಲ್ಲಿ ಎಲ್ಲರೂ ಫೋನಿನ ಮುಖ ನೋಡುತ್ತ ನಿಂತಿರುತ್ತಾರೆ. ಕಾಕಾ ಒಂದು ಗಳಿಗೆ ಕಾಯುತ್ತಾನೆ, ಎರಡು ಗಳಿಗೆ ಕಾಯುತ್ತಾನೆ. ಆಮೇಲೆ ಅಮಸಿದ್ದನ ಕಡೆ ಗೋಣು ಹಾಕುತ್ತಾನೆ. ಅಷ್ಟಕ್ಕೆ ಅಪ್ಪ ಅವಳ ತಲೆಗೆ ಏರಿಸಿದ ಬುಟ್ಟಿ ಇಳಿದುಹೋಗುತ್ತದೆ. ಅದರೊಂದಿಗೆ ಬದುವಿನ ಮೇಲೆ ಕುಳಿತು ಅಪ್ಪ ಉಸಿರು ಕೂಡಿಸಿ ಕೊಟ್ಟ ಆ ಒಂದು ಓಗೊಡುವಿಕೆಯೂ ಬರಿದೇ ಆಗುತ್ತದೆ.

ಗಂಟು ಬಿಚ್ಚಿದಳು. ರೊಟ್ಟಿ, ಹೋಳಿಗೆ ಮುರಿದು ಓಢಣಿಯ ಸೆರಗಿಗೆ ಹಾಕಿಕೊಂಡಳು. ಮಲ್ಲಯ್ಯ ಮಾಳಿಂಗರಾಯರನ್ನು ನೆನೆದಳು. ಮನೆದೇವರ ಹೆಸರನ್ನೇ ಅಪ್ಪನಿಗೆ ಇಟ್ಟಿದ್ದರು; ಕರೆದರೆ ಇಬ್ಬರನ್ನೂ ಕರೆದಂತೆ. ಒಡ್ಡಿನ ಮೂಲೆಯಿಂದ ಮೊದಲ ಚಿಟಿಕೆ ಚೆಲ್ಲಿ ಕೂಗಿದಳು.

"ಹುಲ್ಲುಲ್ಲಿಗೋ..."

ದನಿ ಹೋಯಿತು. ಕಲ್ಲಿಗೆ ಬಡಿದು ಮರಳಿ ಬರಬಹುದೆಂದು ಕಾಯ್ದಳು. ಆ ಬಯಲು ಅದನ್ನು ನುಂಗಿ ಸುಮ್ಮನಾಯಿತು. ಗಾಳಿಯೂ ಬೀಸಲಿಲ್ಲ. ಮೋರಟಗಿಯಲ್ಲಿ ಕಾಕಾ ಓಗೊಡದಿದ್ದ ದಿನ ಜೋಳದ ಗರಿಯಾದರೂ ಸದ್ದು ಮಾಡಿತ್ತು.

ಇನ್ನೂ ನಾಲ್ಕು ಹೆಜ್ಜೆ ನಡೆದು ಚೆಲ್ಲಿದಳು, ಕೂಗಿದಳು. ನಿಂತಳು. ಚೀಲದಲ್ಲಿ ನೀರಿನ ಬಾಟಲಿ ಇತ್ತು; ಮುಟ್ಟಲಿಲ್ಲ. ಬುಟ್ಟಿ ಹೊತ್ತವರು ನೀರು ಹಾಕುವಂತಿಲ್ಲ. ಒಣ ತುತ್ತು ಒಣ ಮಣ್ಣಿನ ಮೇಲೆ ಬಿದ್ದಲ್ಲೇ ಬಿದ್ದಿತ್ತು. "ಚಲಾಂಬ್ರಿಗೋ" ಎಂಬುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಯಾರು ಕೇಳುವವರು ಇಲ್ಲಿ? ಅಂದುಬಿಟ್ಟರೆ ಏನಾಗುತ್ತದೆ? ಹಲ್ಲು ಕಚ್ಚಿ ಹಿಡಿದಳು. ತನ್ನ ಕೂಗಿಗೆ ತಾನೇ ಓಗೊಟ್ಟರೆ, ಲೋಕದಲ್ಲಿ ಬೇರೆ ಯಾರೂ ಇಲ್ಲವೆಂದು ತಾನೇ ಒಪ್ಪಿಕೊಂಡಂತೆ.

ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದರೆ ಒಂದು ಕರಿಯ ಆಡು. ಕಾಕಾ ತಂಬಿಗೆ ಹಿಡಿದು ನಿಲ್ಲಬೇಕಾದ ಜಾಗದಲ್ಲೇ ನಿಂತು, ಹೋಳಿಗೆಯ ಚೂರು ಮೆಲ್ಲುತ್ತಿತ್ತು. ದೂರದಲ್ಲಿ ತಲೆಗೆ ಅರಿವೆ ಸುತ್ತಿಕೊಂಡ ಒಬ್ಬ ಹೆಂಗಸು ಉಳಿದ ಆಡುಗಳೊಂದಿಗೆ ಕುಳಿತು ಇತ್ತ ನೋಡುತ್ತಿದ್ದಳು. ಓಡಿಸಲಿಲ್ಲ, ಬೈಯಲಿಲ್ಲ.

"ತಿನ್ನು" ಎಂದಳು ಪ್ರಿಯದರ್ಶಿನಿ ಆಡಿಗೆ. "ಹಬ್ಬ ಇವತ್ತ."

ಒಡ್ಡಿನ ಸುತ್ತ ಪೂರಾ ಒಂದು ಸುತ್ತು ಬಂದಳು. ಅವಳು ಕೂಗುವಳು, ಕಾಯುವಳು, ಆಡು ಮೆಲ್ಲುವುದು. ಹೆಂಗಸು ನೋಡುತ್ತಲೇ ಇದ್ದಳು. ಸೆರಗು ಬರಿದಾದಾಗ ಝಾಡಿಸಿ, ಕೈ ಮುಗಿದು ಕೆಳಗಿಳಿದಳು.

ಕೆಳಗೆ ತಂಡವಿರಲಿಲ್ಲ. ಕಂಬಗಳ ಬೀದಿಯಲ್ಲಿ ಯಾವಯಾವುದೋ ದೇಶದ ಜನ, ಯಾವಯಾವುದೋ ಭಾಷೆ. ಆ ಉದ್ದನೆಯ ಕಣಿವೆಯಲ್ಲಿ ಒಬ್ಬಳೇ ಹಿಂದಿರುಗಿ ನಡೆದಳು. ಮುಖವಿಲ್ಲದ ದೇವರ ಮುಂದೆ ಈ ಸಲ ನಿಲ್ಲಲಿಲ್ಲ, ಏನು ಕೇಳುವುದು? ಹೊರಬಾಗಿಲಲ್ಲಿ ಬಸ್ಸಿನ ಹತ್ತಿರ ವಿದ್ಯಾವತಿ ಮೇಡಂ ನಿಂತಿದ್ದರು, ಮುಖ ಕೆಂಪಾಗಿತ್ತು.

"ಎಲ್ಲಿ ಹೋಗಿದ್ದಿ? ಜೀವ ಬಾಯಿಗೆ ಬಂದಿತ್ತು ನಂದು! ನಿಮ್ಮವ್ವಗ ಏನ್ ಹೇಳಬೇಕಿತ್ತು ನಾ?"

"ತಪ್ಪಾತ್ರಿ ಮೇಡಂ."

ಅವರು ಇನ್ನೂ ಬೈಯುವವರಿದ್ದರು. ಅವಳ ಮುಖ ನೋಡಿ, "ಹತ್ತು, ಹತ್ತು. ಊಟಾ ಮಾಡೀಯಿಲ್ಲೋ?" ಎಂದರು.

ಸಂಜೆ ಇಳಿಯುತ್ತಿತ್ತು. ಬಸ್ಸು ಬೋಳು ಗುಡ್ಡಗಳನ್ನು ದಾಟಿ ದೊಡ್ಡ ರಸ್ತೆಗೆ ಬಂದ ಕೂಡಲೇ ಎಲ್ಲರ ಫೋನುಗಳೂ ಒಮ್ಮೆಲೇ ಗುಂಯ್ ಎಂದವು. ಪ್ರಿಯದರ್ಶಿನಿಯದೂ. ಅಮಸಿದ್ದನ ನಂಬರಿನಿಂದ ಸಾಲು ಸಾಲು ಕರೆಗಳು. ಬಂದ ಹೊತ್ತು ನೋಡಿದಳು. ಎಲ್ಲವೂ ಬೆಳಗಿನವು. ಅವಳು ಕಣಿವೆಯಲ್ಲಿ ಕಾಲುವೆಯ ಕಥೆ ಕೇಳುತ್ತಿದ್ದಾಗಿನವು.

ಹೊತ್ತು ನೆತ್ತಿಗೆ ಬಂದಾಗ. ಅದೇ ಸೂರ್ಯ ಮೊದಲು ಮೋರಟಗಿಯ ನೆತ್ತಿಗೆ ಬಂದು, ಅಲ್ಲಿಂದ ಎರಡೂವರೆ ತಾಸು ನಡೆದು ಇಲ್ಲಿಗೆ ಬಂದಿದ್ದ. ಅವಳಿಗೆ ಇದು ಗೊತ್ತಿರಲಿಲ್ಲವೇ? ದಿನಾ ಇವಳು ಊಟಕ್ಕೆ ಕೂರುವಾಗ ಅಲ್ಲಿ ಅವ್ವ ನಿದ್ದೆಗಣ್ಣಲ್ಲಿ ಮಾತಾಡುತ್ತಿದ್ದಳು. ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಹೊಲಕ್ಕೆ ಯಾರೂ ಗಡಿಯಾರ ಕಟ್ಟಿಕೊಂಡು ಹೋದದ್ದನ್ನು ಅವಳು ಕಂಡಿರಲಿಲ್ಲ. ಕಾಕಾ ನೆತ್ತಿ ಎಂದ. ಇವಳು ತನ್ನ ನೆತ್ತಿಯನ್ನೇ ನೋಡಿದಳು. ಒಡ್ಡಿನ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದ ಹೊತ್ತಿಗೆ ಅಲ್ಲಿ ಚರಗ ಮುಗಿದು, ಎಲ್ಲರೂ ಉಂಡು, ಬನ್ನಿಯ ನೆರಳಲ್ಲಿ ಅಡ್ಡಾಗಿದ್ದರು.

ಅವ್ವನ ಮಾತು ಒಂದು ಬಂದಿತ್ತು, ಅಮಸಿದ್ದನ ಫೋನಿನಲ್ಲಿ ರೆಕಾರ್ಡು ತುಂಬಿ ಕಳಿಸಿದ್ದು. ಕಿವಿಗೆ ಹಚ್ಚಿಕೊಂಡಳು.

"ದರ್ಶೀ... ಎಷ್ಟ ಸಲಾ ಹಚ್ಚೀವಿ ಯವ್ವಾ, ಹತ್ತಲಿಲ್ಲ. ಆಜೂಬಾಜೂ ಹೊಲದವರೆಲ್ಲಾ ಚೆಲ್ಲಾಕ ಸುರು ಮಾಡಿದ್ರು. ಹೊತ್ತು ನೆತ್ತಿ ದಾಟಾಕತ್ತಿತ್ತು. ನಿಮ್ಮ ಕಾಕಾ ಎದ್ದ. ಬುಟ್ಟಿ ಎತ್ತಿ ಅಮಸಿದ್ದನ ತಲಿ ಮ್ಯಾಲ ಇಟ್ಟ..."

ಅಲ್ಲಿಗೇ ನಿಲ್ಲಿಸಿದಳು. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಕಿಟಕಿಯಾಚೆ ಮರಳು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಮುಗಿಯಿತು. ಬುಟ್ಟಿ ಹೋಯಿತು. ಅಮಸಿದ್ದ ಕೆಟ್ಟವನಲ್ಲ, ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೂ ಇನ್ನು ಮುಂದೆ ಎಳ್ಳು ಅಮಾವಾಸ್ಯೆಗೆ ಅವಳು ಊರಿಗೆ ಬಂದರೆ, ಬೀಗರ ಹಾಗೆ ಗಿಡದ ನೆರಳಿಗೆ ಕುಳಿತು ಉಂಡು ಎದ್ದು ಬರಬೇಕು.

ಪಕ್ಕದಲ್ಲಿ ಜಾಸ್ಮಿನ ತೂಕಡಿಸುತ್ತಿದ್ದವಳು ಕಣ್ಣು ತೆರೆದಳು. "ಏನಾತಲೇ? ಮಾರಿ ಯಾಕ ಹಂಗ ಮಾಡೀದಿ?"

"ಏನಿಲ್ಲ."

"ಹೋಳಿಗಿ ಕೊಡತೇನಿ ಅಂದಿದ್ದಿ."

"ಎಲ್ಲಾ ಒಂದು ಆಡು ತಿಂತು."

ಜಾಸ್ಮಿನ ಅವಳನ್ನೇ ನೋಡಿದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ತನ್ನ ಶಾಲಿನ ಅರ್ಧವನ್ನು ಅವಳ ಕಾಲಿನ ಮೇಲೆ ಹೊದಿಸಿ ಮತ್ತೆ ಕಣ್ಣು ಮುಚ್ಚಿದಳು.

ಎಷ್ಟೋ ಹೊತ್ತಿನ ಮೇಲೆ ಪ್ರಿಯದರ್ಶಿನಿ ಅವ್ವನ ಉಳಿದ ಮಾತು ಕೇಳಿದಳು.

"...ಮುಂದಿಂದು ನಾ ಏನ್ ಹೇಳಲಿ. ಅಮಸಿದ್ದ ಫೋನ್ ಕಿಸೆದಾಗ ಇಟಗೊಂಡು ತುಂಬ್ಯಾನ. ಕಳಸ್ತಾನಂತ, ನೀನಽ ಕೇಳು."

ಕೆಳಗೆ ಇನ್ನೊಂದು ಬಂದಿತ್ತು. ಒತ್ತಿದಳು.

ಮೊದಲು ಬರಿಯ ಗಾಳಿ. ಆಮೇಲೆ ಅವಳು ಬೆಳಗಿನಿಂದ ಹುಡುಕುತ್ತಿದ್ದ ಸದ್ದು, ಜೋಳದ ಗರಿಯ ಸರಸರ. ಅಮಸಿದ್ದನ ಉಸಿರು. ಅವನು ಗಂಟಲು ಸರಿಪಡಿಸಿಕೊಂಡು "ಹು..." ಎಂದು ಎಳೆಯುವಷ್ಟರಲ್ಲಿ ಹಿಂದಿನಿಂದ ಕಾಕಾನ ದನಿ ಗದರಿತು.

"ಬಾಯಿ ಮುಚ್ಚಲೇ! ನೀ ಬರೇ ಚೆಲ್ಲು."

"ಮತ್ತ ಕೂಗು ಯಾರದು ಅಪ್ಪಾ?"

"ಆಕಿ ಕೂಗಾಕತ್ತಾಳ. ಸುಮ್ಕ ಕೇಳು."

"ಫೋನ್ ಹತ್ತೇ ಇಲ್ಲಲ್ಲ..."

"ಫೋನ್ ಹತ್ತಲಿಲ್ಲಂದರ ಆಕಿ ಕೂಗೂದು ಬಿಡತಾಳೇನ? ನಮ್ಮಣ್ಣನ ಮಗಳು ಆಕಿ. ಹೋದ ವರ್ಷ ನಾ ಓಗೊಡಲಿಲ್ಲ, ಬಿಟ್ಟಳೇನ? ನಡಿ."

ಹೆಜ್ಜೆಯ ಸದ್ದು. ತುತ್ತು ಬಿದ್ದ ಸದ್ದು. ಆಮೇಲೆ ಮೌನ. ಒಂದು ಕೂಗಿಗೆ ಎಷ್ಟು ಜಾಗ ಬೇಕೋ ಅಷ್ಟೇ ಮೌನ. ಆ ಮೌನ ಮುಗಿದ ಮೇಲೆ, ನೀರು ಚಿಮುಕಿಸಿದ ಸದ್ದಿನ ಹಿಂದೆಯೇ ಕಾಕಾನ ತುಂಬುದನಿ:

"ಚಲಾಂಬ್ರಿಗೋ..."

ಪಕ್ಕದ ಹೊಲದಲ್ಲಿ ಯಾರೋ ನಕ್ಕರು. "ಸೋಮನಿಂಗಾ, ಯಾರಿಗೆ ಓಗೊಡಾಕತ್ತೀಯೋ? ತಲಿಗಿಲಿ ಕೆಟ್ಟೈತೇನ?" ಮತ್ತೆ ನಾಲ್ಕು ಹೆಜ್ಜೆ. ಮತ್ತೆ ಮೌನ. ಮತ್ತೆ "ಚಲಾಂಬ್ರಿಗೋ". ಹೀಗೇ ಹೊಲದ ಒಂದು ಬದಿ ಪೂರಾ ನಡೆದರು.

ಪ್ರಿಯದರ್ಶಿನಿಗೆ ತಿಳಿಯಿತು: ಅವಳು ಕೂಗುವ ಮೊದಲೇ ಅವನು ಓಗೊಟ್ಟಿದ್ದ. ಅವಳ ಕೂಗು ಆ ಬಯಲಿನಲ್ಲಿ ಬಿದ್ದಾಗ ಓಗೊಡಲು ಯಾರೂ ಇರದಿದ್ದದ್ದು ಇದಕ್ಕೇ. ಓಗೊಡುವಿಕೆ ಆಗಲೇ ಆಗಿಹೋಗಿತ್ತು.

ತಿರುಗಿ ಮೊದಲಿನಿಂದ ಹಚ್ಚಿದಳು. ಈ ಸಲ ತುತ್ತು ಬಿದ್ದ ಸದ್ದಾದ ಮೇಲಿನ ಮೌನ ಬಂದಾಗ, ಪಕ್ಕದವಳಿಗೂ ಕೇಳಿಸದಷ್ಟು ಮೆಲ್ಲಗೆ, ತುಟಿಯಲ್ಲೇ ಕೂಗಿದಳು. "ಹುಲ್ಲುಲ್ಲಿಗೋ." ಕಾಕಾ ಓಗೊಟ್ಟ. ನಾಲ್ಕು ಹೆಜ್ಜೆ. ಮತ್ತೆ ಕೂಗಿದಳು. ಮತ್ತೆ ಓಗೊಟ್ಟ. ಬೋಳು ಗುಡ್ಡಗಳು ಒಂದೊಂದಾಗಿ ಕತ್ತಲಿಗೆ ಸರಿಯುತ್ತಿದ್ದವು. ಅಮಾವಾಸ್ಯೆಯ ಆಕಾಶದಲ್ಲಿ ಹುಡುಕಿದರೂ ಚಂದ್ರನಿರಲಿಲ್ಲ.

ಬದುವಿನ ಹತ್ತಿರ, ಹೋದ ವರ್ಷ ಅಪ್ಪ ಕುಳಿತಿದ್ದ ಜಾಗಕ್ಕೆ ಬಂದಿರಬೇಕು. ಹೆಜ್ಜೆಗಳು ನಿಂತವು. ತುತ್ತು ಬಿತ್ತು. ಮೌನ ಬಂತು. ಅವಳು ತುಟಿ ತೆರೆದಳು, ಕೂಗು ಏಳಲಿಲ್ಲ.

ಅಲ್ಲಿ ಗಾಳಿ ಬೀಸುತ್ತಿತ್ತು, ಗರಿ ಸರಸರ ಎನ್ನುತ್ತಿತ್ತು. ಕಾಕಾ ಕಾಯುತ್ತಿದ್ದ.